ಹಾಜರಿ ಪುಸ್ತಕ ಮತ್ತು ಒಂದು ಪೆನ್ನಿ

ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಪಾಠ ಹೇಳಿದ ನಾನು ಮೆಥಡಿಸ್ಟ್ ಸಭೆಯ ಚರಿತ್ರೆಯನ್ನು ಗಮನವಿಟ್ಟು ಓದಿದ್ದು ನಿವೃತ್ತಿಯ ಅನಂತರ. ದೂರ ದೂರ ನೆಲೆಸಿದ ಜನರನ್ನು ಒಂದು ಸಭೆಯಾಗಿ ಉಳಿಸುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರ ನನ್ನನ್ನು ನಾಚಿಸಿತು.

1742ರ ಫೆಬ್ರವರಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳು ತಮ್ಮ ಸಭಾಗೃಹದ ಸಾಲ ತೀರಿಸುವ ಬಗೆಯನ್ನು ಚರ್ಚಿಸುತ್ತಿದ್ದರು. ಪ್ರತಿ ಸದಸ್ಯನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದರು ಒಬ್ಬರು. ಬಡವರಿಗೆ ಅದೂ ಸಾಧ್ಯವಿಲ್ಲ ಎಂಬ ಆಕ್ಷೇಪ ಬಂದಿತು. ಆಗ ಅವರು, ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತಮಗೆ ಒಪ್ಪಿಸುವಂತೆಯೂ, ಅವರು ಕೊಡಲಾಗದಿದ್ದರೆ ತಾವೇ ತುಂಬುವುದಾಗಿಯೂ ಹೇಳಿದರು. ಹೀಗೆ ಸುಮಾರು ಹನ್ನೆರಡು ಜನರ ‘ಕ್ಲಾಸ್’ ಹುಟ್ಟಿತು.

ಪೆನ್ನಿಗಾಗಿ ಮನೆ ಮನೆಗೆ ಹೋದ ನಾಯಕರ ಕಣ್ಣಿಗೆ ಬೇರೆಯದೇ ಬಿದ್ದಿತು: ಯಾರ ನಡತೆ ಕೆಟ್ಟಿದೆ, ಯಾರ ಬಾಳು ಹೇಗೆ ಸಾಗಿದೆ ಎಂಬುದು. ತಾವು ಬಹುಕಾಲದಿಂದ ಹುಡುಕುತ್ತಿದ್ದುದು ಇದೇ ಎಂದು ವೆಸ್ಲಿ ಮನಗಂಡರು. ಸಾಲ ತೀರಿಸಲು ಹೂಡಿದ ಉಪಾಯವೇ ಸಭೆಯ ಬೆನ್ನೆಲುಬಾಯಿತು.

ಅದರ ನಿಜವಾದ ಪರೀಕ್ಷೆ ನಡೆದದ್ದು ಅಮೆರಿಕದಲ್ಲಿ. 1771ರಲ್ಲಿ ಅಲ್ಲಿಗೆ ಹೋದ ಫ್ರಾನ್ಸಿಸ್ ಆಸ್ಬರಿ ಸ್ವಂತ ಮನೆಯೆಂಬುದಿಲ್ಲದೆ ನಲವತ್ತೈದು ವರ್ಷ ಕುದುರೆಯ ಮೇಲೆಯೇ ಕಳೆದರು. ಕಾಡುಮೇಡುಗಳ ನಡುವೆ ಒಂದು ಮನೆಗೂ ಇನ್ನೊಂದಕ್ಕೂ ಹರದಾರಿಗಳ ಅಂತರ. ಒಬ್ಬ ಬೋಧಕ ತನ್ನ ‘ಸರ್ಕ್ಯೂಟ್’ ಸುತ್ತಿ ಮತ್ತೆ ಅದೇ ಊರಿಗೆ ಬರಲು ಹಲವು ವಾರಗಳೇ ಬೇಕಾಗುತ್ತಿದ್ದವು. ಆ ವಾರಗಳಲ್ಲಿ ಸಭೆಯನ್ನು ಕಾಯುತ್ತಿದ್ದವನು ಅದೇ ಊರಿನ ಕ್ಲಾಸ್ ನಾಯಕ. ಅವನು ಬಹುಮಟ್ಟಿಗೆ ಒಬ್ಬ ಸಾಮಾನ್ಯ ರೈತ. 1816ರಲ್ಲಿ ಆಸ್ಬರಿ ತೀರಿಕೊಂಡಾಗ ಸದಸ್ಯರ ಸಂಖ್ಯೆ ಎರಡು ಲಕ್ಷ ದಾಟಿತ್ತು. ಕುದುರೆಯ ಸವಾರನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಬಾಗಿಲು ತಟ್ಟಿದವನ ಹೆಸರು ಉಳಿಯಲಿಲ್ಲ.

ನಾನೇಕೆ ನಾಚಿದೆ? ನಾನೂ ದಿನವೂ ಹಾಜರಿ ಕೂಗಿದವನೇ. ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಹುಡುಗನೊಬ್ಬ ಎರಡು ವಾರ ಕಾಣದಿದ್ದಾಗ ಗೈರುಹಾಜರಿಯ ಗುರುತು ಹಾಕಿ ಸುಮ್ಮನಾದೆ. ಅವನ ತಂದೆ ತೀರಿಕೊಂಡಿದ್ದರು. ಅವನು ಮತ್ತೆ ಶಾಲೆಗೆ ಬರಲೇ ಇಲ್ಲ. ನನ್ನ ಪುಸ್ತಕದಲ್ಲಿ ಲೆಕ್ಕ ಮಾತ್ರ ಸರಿಯಾಗಿತ್ತು.

ನೀವೆಲ್ಲ ಈಗ ಊರೂರು, ದೇಶದೇಶ ಸೇರಿದ್ದೀರಿ. ನಿಮ್ಮಲ್ಲಿ ಬಹುದಿನದಿಂದ ಸುದ್ದಿಯಿಲ್ಲದ ಒಬ್ಬರಿರಬಹುದು. ಈ ವಾರ ಅವರನ್ನೊಮ್ಮೆ ವಿಚಾರಿಸಿ.