ಬ್ರಿಟನ್ ಮನೆಗಳಲ್ಲಿ ಥರ್ಮೋಸ್ಟ್ಯಾಟ್ ಬಾಯ್ಲರನ್ನು ನಿಯಂತ್ರಿಸುವ ಬಗೆ

ಉದ್ಯೋಗಕ್ಕೋ ವ್ಯಾಸಂಗಕ್ಕೋ ಬ್ರಿಟನ್ನಿಗೆ ತೆರಳುವ ಕನ್ನಡಿಗರಿಗೆ ಬಾಡಿಗೆ ಮನೆಯ ಗೋಡೆಯ ಮೇಲಿನ ಅಂಗೈಯಗಲದ ಪೆಟ್ಟಿಗೆಯೊಂದು ಮೊದಲ ಚಳಿಗಾಲದಲ್ಲಿಯೇ ಒಗಟಾಗುವುದುಂಟು. ಅದೇ ಪ್ರೋಗ್ರಾಮಬಲ್ ಥರ್ಮೋಸ್ಟ್ಯಾಟ್. ಇದನ್ನು 30 ಡಿಗ್ರಿಗೆ ಏರಿಸಿದರೆ ಕೋಣೆ ಬೇಗ ಬೆಚ್ಚಗಾಗುತ್ತದೆಂದು ಹಲವರು ಭಾವಿಸುತ್ತಾರೆ. ಹಾಗಾಗುವುದಿಲ್ಲ, ಏರುವುದು ಅನಿಲದ ಬಿಲ್ಲು ಮಾತ್ರ.

ಬಾಯ್ಲರ್ ಅನಿಲವನ್ನು ಉರಿಸಿ ನೀರು ಕಾಯಿಸುತ್ತದೆ. ಪಂಪು ಆ ನೀರನ್ನು ಕೋಣೆಗಳ ರೇಡಿಯೇಟರುಗಳಿಗೆ ಹರಿಸುತ್ತದೆ. ತಣಿದ ನೀರು ಬಾಯ್ಲರಿಗೆ ಮರಳುತ್ತದೆ. ನಮ್ಮ ಸ್ನಾನದ ಮನೆಯ ಗೀಸರಿನಲ್ಲಿಯೂ ಥರ್ಮೋಸ್ಟ್ಯಾಟ್ ಇದೆಯಾದರೂ ಅದು ಅಳೆಯುವುದು ನೀರಿನ ಬಿಸಿಯನ್ನು. ಗೋಡೆಯ ಥರ್ಮೋಸ್ಟ್ಯಾಟ್ ಅಳೆಯುವುದು ಕೋಣೆಯ ಗಾಳಿಯ ಉಷ್ಣಾಂಶವನ್ನು.

ಕೋಣೆ 17 ಡಿಗ್ರಿಯಲ್ಲಿದ್ದು ನೀವು 20ನ್ನು ನಿಗದಿಪಡಿಸಿದ್ದೀರಿ ಎನ್ನೋಣ. ಥರ್ಮೋಸ್ಟ್ಯಾಟಿನೊಳಗಿನ ಸ್ವಿಚ್ಚು ಕೂಡಿಕೊಂಡು ಬಾಯ್ಲರಿಗೆ ‘ಬಿಸಿ ಬೇಕು’ ಎಂಬ ಸಂಕೇತ ಹೋಗುತ್ತದೆ. ಕೋಣೆ 20ನ್ನು ಮುಟ್ಟಿದೊಡನೆ ಸಂಕೇತ ನಿಲ್ಲುತ್ತದೆ, ಉರಿಯೂ ಆರುತ್ತದೆ. ಉಷ್ಣಾಂಶ ತುಸು ಇಳಿದ ಮೇಲಷ್ಟೇ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಅಂತರವಿಲ್ಲದಿದ್ದರೆ ಬಾಯ್ಲರ್ ಕ್ಷಣಕ್ಷಣಕ್ಕೂ ಹೊತ್ತಿ ಆರುತ್ತಿತ್ತು. ಸಾಧಾರಣ ಥರ್ಮೋಸ್ಟ್ಯಾಟಿಗೆ ಗೊತ್ತಿರುವುದು ‘ಬೇಕು’, ‘ಸಾಕು’ ಎಂಬ ಎರಡೇ ಮಾತು. ಆದ್ದರಿಂದ 30ಕ್ಕೆ ಇಟ್ಟರೂ 20ನ್ನು ಮುಟ್ಟಲು ತಗಲುವ ಸಮಯ ಅಷ್ಟೇ. ಅಲ್ಲಿಗೆ ನಿಲ್ಲುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ನೀರು ಎಷ್ಟು ಕಾಯಬೇಕೆಂದೂ ಬಾಯ್ಲರಿಗೆ ತಿಳಿಸುವ ಹೊಸ ಮಾದರಿಗಳೂ ಇವೆ.

‘ಪ್ರೋಗ್ರಾಮ್’ ಎಂದರೆ ಹೊತ್ತಿಗೊಂದು ಉಷ್ಣಾಂಶ: ಬೆಳಿಗ್ಗೆ 6.30ರಿಂದ 8ರವರೆಗೆ 20, ಮನೆಯಲ್ಲಿ ಯಾರೂ ಇಲ್ಲದ ಹಗಲಿನಲ್ಲಿ 16, ಸಂಜೆ ಮತ್ತೆ 20. ಒಳಗಿನ ಮತ್ತು ಹೊರಗಿನ ಉಷ್ಣಾಂಶಗಳ ವ್ಯತ್ಯಾಸ ಕಡಿಮೆಯಾದಷ್ಟೂ ಗೋಡೆ, ಕಿಟಕಿಗಳ ಮೂಲಕ ಸೋರಿಹೋಗುವ ಶಾಖವೂ ಕಡಿಮೆ, ಉಳಿತಾಯವಾಗುವುದು ಅಲ್ಲಿಯೇ. ಆದರೆ ಹಸುಗೂಸು, ವೃದ್ಧರು ಇರುವ ಮನೆಯಲ್ಲಿ ಈ ಲೆಕ್ಕಾಚಾರಕ್ಕೆ ಮಿತಿಯಿರಲಿ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ನೀಡಿದೆ.

ಬಾಯ್ಲರಿನ ಮೇಲಿರುವ ಗುಂಡಿಯದು ಬೇರೆಯದೇ ಕೆಲಸ. ಅದು ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು ನಿರ್ಧರಿಸುತ್ತದೆ. ಇಂಗ್ಲೆಂಡಿನಲ್ಲಿ 2005ರಿಂದ ಬಹುತೇಕ ಕಡ್ಡಾಯವಾಗಿರುವ ಕಂಡೆನ್ಸಿಂಗ್ ಬಾಯ್ಲರುಗಳು ಹೊಗೆಯಲ್ಲಿನ ಆವಿಯನ್ನು ತಣಿಸಿ ಅದರ ಶಾಖವನ್ನೂ ಬಳಸಿಕೊಳ್ಳುತ್ತವೆ. ಮರಳುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಇದು ಸಾಧ್ಯ. ಗುಂಡಿಯನ್ನು ಸ್ವಲ್ಪ ಇಳಿಸಿದರೆ ಮನೆ ನಿಧಾನವಾಗಿ ಬೆಚ್ಚಗಾದರೂ ಅನಿಲ ಉಳಿಯುತ್ತದೆ.

ಥರ್ಮೋಸ್ಟ್ಯಾಟ್ ಇರುವ ಕೋಣೆಯ ರೇಡಿಯೇಟರಿನ ಕವಾಟ ಪೂರ್ತಿ ತೆರೆದಿರಬೇಕು. ಅದನ್ನು ಮುಚ್ಚಿದರೆ ಆ ಕೋಣೆ ಬೆಚ್ಚಗಾಗುವುದೇ ಇಲ್ಲ. ಬಾಯ್ಲರ್ ಉಳಿದ ಕೋಣೆಗಳನ್ನು ಕಾಯಿಸುತ್ತಲೇ ಇರುತ್ತದೆ.

ಡಿಸೆಂಬರಿನಲ್ಲಿ ಊರಿಗೆ ಹೊರಡುವವರು ಎಲ್ಲವನ್ನೂ ಆರಿಸಿ ಬರುವುದು ಅಪಾಯಕರ. ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಒಡೆದರೆ ಕರಗಿದ ನೀರು ಮನೆಯನ್ನೆಲ್ಲ ತುಂಬೀತು. ತೀರಾ ಕಡಿಮೆ ಉಷ್ಣಾಂಶದಲ್ಲಿ ಚಾಲೂ ಇಟ್ಟೇ ಹೊರಡಬೇಕು. ಹೊರಡುವ ಮುನ್ನ ಥರ್ಮೋಸ್ಟ್ಯಾಟಿನ ಬ್ಯಾಟರಿಯನ್ನು ಬದಲಿಸುವುದು ಲೇಸು. ಅದು ಮುಗಿದರೆ ಬಾಯ್ಲರಿಗೆ ಸಂಕೇತವೇ ತಲುಪದು.