ಅಂಗಡಿ ನಮ್ಮದು, ಜಾಗ ಬಾಡಿಗೆಯದು: ವೆಬ್ ಹೋಸ್ಟಿಂಗ್ ನಡೆದು ಬಂದ ದಾರಿ



ಕೆಲವು ವಾರಗಳಿಂದ ನನಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಿದೆ. "ಅಮ್ಮ ಮಾಡೋ ಉಪ್ಪಿನಕಾಯಿನ ಆನ್‌ಲೈನಲ್ಲಿ ಮಾರ್ಬೇಕು, ಯಾವ ಹೋಸ್ಟಿಂಗ್ ತಗೊಳ್ಳಲಿ?" "ಇಳಕಲ್ ಸೀರೆಗೆ ವೆಬ್‌ಸೈಟ್ ಮಾಡಿಸ್ತಿದೀನಿ, ಕಮ್ಮಿ ರೇಟಿನ ಪ್ಲಾನ್ ಸಾಕಾ?" ನಾನು ಕಂಪನಿ ಹೆಸರು ಹೇಳಲ್ಲ. ಅದರ ಬದಲು ಮೂವತ್ತು ವರ್ಷದ ಇತಿಹಾಸ ಹೇಳ್ತೀನಿ. ಯಾಕಂದ್ರೆ ಈ ವ್ಯವಹಾರದಲ್ಲಿ ಏನೇನು ಕೈಕೊಡಬಹುದೋ, ಅದರಲ್ಲಿ ಬಹುಪಾಲು ಈಗಾಗಲೇ ಎಲ್ಲೋ ಯಾರಿಗೋ ಕೈಕೊಟ್ಟಿದೆ.

ಮೊದಲು 1990ರ ಕೊನೆಗೆ ಹೋಗೋಣ. ಸ್ವಿಟ್ಜರ್ಲೆಂಡ್‌ನ ಜಿನೀವಾ ಹತ್ತಿರ ಸರ್ನ್ ಅನ್ನೋ ಭೌತವಿಜ್ಞಾನ ಸಂಸ್ಥೆ. ಅಲ್ಲಿ ಟಿಮ್ ಬರ್ನರ್ಸ್-ಲೀ ತನ್ನ ನೆಕ್ಸ್ಟ್ ಕಂಪ್ಯೂಟರಿನಲ್ಲಿ ಜಗತ್ತಿನ ಮೊದಲ ವೆಬ್‌ಸೈಟ್ ಇಟ್ಟಿದ್ದರು. ಆ ಕಂಪ್ಯೂಟರಿಗೆ ಒಂದು ಚೀಟಿ ಅಂಟಿಸಿದ್ದರು: ಇದು ಸರ್ವರ್, ಆಫ್ ಮಾಡಬೇಡಿ ಅಂತ. ಹೋಸ್ಟಿಂಗ್ ಅಂದ್ರೆ ಮೂಲತಃ ಇಷ್ಟೇ. ಯಾವತ್ತೂ ಆಫ್ ಆಗದ, ಯಾವಾಗಲೂ ನೆಟ್‌ಗೆ ಜೋಡಿಸಿರೋ ಒಂದು ಕಂಪ್ಯೂಟರ್. ನಮ್ಮನೇಲಿ ಕರೆಂಟು ಹೋಗುತ್ತೆ, ವೈಫೈ ಕೈಕೊಡುತ್ತೆ. ಅದಕ್ಕೇ ಆಫ್ ಮಾಡದೆ ನೋಡಿಕೊಳ್ಳೋ ಕೆಲಸವನ್ನ ಇನ್ನೊಬ್ಬರಿಗೆ ಬಾಡಿಗೆ ಕೊಟ್ಟು ಮಾಡಿಸ್ತೀವಿ.

ಆ ಬಾಡಿಗೆ ಅಗ್ಗ ಆಗಿದ್ದು ಹೇಗೆ? ಇದಕ್ಕೆ ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಒಂದೇ ಗೇಟು, ಒಳಗೆ ಹತ್ತು ಮನೆ. ಪೋಸ್ಟ್‌ಮ್ಯಾನ್ ಬಂದಾಗ ಲಕೋಟೆ ಮೇಲೆ ಹೆಸರಿದ್ರೆ ತಾನೇ ಯಾರ ಮನೆಗೆ ಅಂತ ಗೊತ್ತಾಗೋದು? ವೆಬ್ಬಿನ ಮೊದಮೊದಲ ವರ್ಷಗಳಲ್ಲಿ ಬ್ರೌಸರ್ ಆ ಹೆಸರು ಬರೀತಾನೇ ಇರಲಿಲ್ಲ, ಬರೀ ಗೇಟಿನ ನಂಬರಿಗೆ ಬರ್ತಿತ್ತು. ಹಾಗಾಗಿ ಒಂದೊಂದು ವೆಬ್‌ಸೈಟಿಗೂ ಒಂದೊಂದು ಪ್ರತ್ಯೇಕ ಐಪಿ ವಿಳಾಸ ಬೇಕಾಗ್ತಿತ್ತು. 1997ರ ಜನವರಿಯಲ್ಲಿ ಎಚ್‌ಟಿಟಿಪಿ 1.1 ಅನ್ನೋ ನಿಯಮಾವಳಿ ಬಂತು. ಯಾವ ವೆಬ್‌ಸೈಟ್ ಬೇಕು ಅನ್ನೋದನ್ನ ಬ್ರೌಸರ್ ಪ್ರತಿ ಸಲವೂ ಹೇಳಲೇಬೇಕು ಅಂತ ಅದರಲ್ಲಿ ಕಡ್ಡಾಯ ಮಾಡಿದರು. ಅಲ್ಲಿಂದ ಒಂದೇ ವಿಳಾಸದಲ್ಲಿ ನೂರಾರು ಸೈಟುಗಳನ್ನ ಇಡೋದು ಸುಲಭ ಆಯ್ತು. ಇವತ್ತಿನ ಶೇರ್ಡ್ ಹೋಸ್ಟಿಂಗ್ ಅಂದ್ರೆ ಇದೇ ವಠಾರ.

ವಠಾರದ ಲಾಭ ಬಾಡಿಗೆ ಕಮ್ಮಿ ಅನ್ನೋದು. ಕಷ್ಟ ಏನು ಅಂತ ಅಲ್ಲಿ ಬೆಳೆದವರನ್ನ ಕೇಳಿ: ಪಕ್ಕದ ಮನೆಯವರು ನಲ್ಲಿ ಬಿಟ್ಟುಕೊಂಡು ಕೂತರೆ ನಮ್ಮ ಬಿಂದಿಗೆ ತುಂಬಲ್ಲ. ಪಕ್ಕದ ಸೈಟಿಗೆ ಹಬ್ಬದ ಸೇಲಿನ ಜನ ನುಗ್ಗಿದರೆ ನಮ್ಮ ಸೈಟು ನಿಧಾನ ಆಗುತ್ತೆ. ವಿಪಿಎಸ್ ಅಂದ್ರೆ ಅಪಾರ್ಟ್‌ಮೆಂಟಿನ ಫ್ಲಾಟ್ ಇದ್ದ ಹಾಗೆ. ಕಟ್ಟಡ ಒಂದೇ, ಆದರೆ ನಿಮ್ಮ ಪಾಲಿನ ಜಾಗಕ್ಕೆ ಗೋಡೆ ಇದೆ. ಡೆಡಿಕೇಟೆಡ್ ಸರ್ವರ್ ಅಂದ್ರೆ ಇಡೀ ಮನೆ ಬಾಡಿಗೆಗೆ. ದಿನಕ್ಕೆ ಹತ್ತಿಪ್ಪತ್ತು ಆರ್ಡರ್ ಬರೋ ಉಪ್ಪಿನಕಾಯಿ ಅಂಗಡಿಗೆ ಶುರುವಿನಲ್ಲಿ ವಠಾರ ಸಾಕು. ಇದರಲ್ಲಿ ನಾಚಿಕೆ ಏನೂ ಇಲ್ಲ.

ಆದರೆ ಪುಕ್ಕಟೆ ಜಾಗದ ಕಥೆ ಬೇರೆ. ಅಮೆರಿಕದಲ್ಲಿ 1994ರಲ್ಲಿ ಒಂದು ಸೇವೆ ಶುರುವಾಯ್ತು, ಆಮೇಲೆ ಅದಕ್ಕೆ ಜಿಯೋಸಿಟೀಸ್ ಅಂತ ಹೆಸರಾಯ್ತು. ಯಾರು ಬೇಕಾದ್ರೂ ದುಡ್ಡಿಲ್ಲದೆ ಪುಟ ಕಟ್ಟಬಹುದಿತ್ತು. ಸಿನಿಮಾ ವಿಷಯಕ್ಕೆ ಹಾಲಿವುಡ್, ಕಂಪ್ಯೂಟರ್ ವಿಷಯಕ್ಕೆ ಸಿಲಿಕಾನ್ ವ್ಯಾಲಿ ಅಂತ ಬಡಾವಣೆಗಳೂ ಇದ್ದವು. ಲಕ್ಷಾಂತರ ಜನ ಅಲ್ಲಿ ಮನೆ ಮಾಡಿದರು. 1999ರಲ್ಲಿ ಯಾಹೂ ಅದನ್ನ ಸುಮಾರು 350 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡುಕೊಳ್ತು. 2009ರ ಅಕ್ಟೋಬರ್ 26ಕ್ಕೆ ಮುಚ್ಚಿಬಿಟ್ಟಿತು.

ಕೆಲವು ತಿಂಗಳು ಮುಂಚೆ ನೋಟಿಸ್ ಏನೋ ಕೊಟ್ಟಿದ್ದರು. ಪುಟಗಳನ್ನ ಇಳಿಸಿಕೊಂಡವರಿಗೆ ಪುಟ ಉಳೀತು. ಆದರೆ ವಿಳಾಸ ಉಳೀಲಿಲ್ಲ. ಯಾಕಂದ್ರೆ ಪ್ರತಿ ವಿಳಾಸವೂ ಜಿಯೋಸಿಟೀಸ್ ಅನ್ನೋ ಹೆಸರಿನಿಂದಲೇ ಶುರುವಾಗ್ತಿತ್ತು. ವಿಸಿಟಿಂಗ್ ಕಾರ್ಡಿನ ಮೇಲೆ ಆ ವಿಳಾಸ ಅಚ್ಚು ಹಾಕಿಸಿದವರು, ಗಿರಾಕಿಗಳಿಗೆ ಅದನ್ನೇ ಕೊಟ್ಟವರು ಹೊಸ ಜಾಗಕ್ಕೆ ಸಾಮಾನು ಸಾಗಿಸಬಹುದಿತ್ತು, ಗಿರಾಕಿಗಳನ್ನಲ್ಲ.

ಇಲ್ಲಿಂದ ನಮಗೆ ಸಿಗೋ ಮೊದಲ ಮಾತು: ಹೋಸ್ಟಿಂಗ್ ಯಾರದ್ದಾದರೂ ಇರಲಿ, ಡೊಮೇನ್ ಹೆಸರು ನಿಮ್ಮದೇ ಇರಲಿ. ಅಂದ್ರೆ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲಿಗೆ, ನಿಮ್ಮ ಫೋನ್ ನಂಬರಿಗೆ ನೋಂದಣಿ ಆಗಿರಬೇಕು. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಅಲ್ಲ, ಭಾವನ ಸ್ನೇಹಿತನ ಹೆಸರಲ್ಲೂ ಅಲ್ಲ. ಡೊಮೇನ್ ಕೈಯಲ್ಲಿದ್ರೆ ಹೋಸ್ಟಿಂಗ್ ಬದಲಾಯಿಸೋದು ಬಾಡಿಗೆ ಮನೆ ಬದಲಾಯಿಸಿದ ಹಾಗೆ, ಬೋರ್ಡು ಜೊತೆಗೇ ಬರುತ್ತೆ.

ಈಗ ಇನ್ನೂ ಹತ್ತಿರದ ಒಂದು ರಾತ್ರಿಗೆ ಬರೋಣ. 2021ರ ಮಾರ್ಚ್ 10. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ, ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿ ಓವಿಎಚ್‌ನ ಡೇಟಾ ಸೆಂಟರಿಗೆ ನಡುರಾತ್ರಿ ಬೆಂಕಿ ಬಿತ್ತು. ಐದು ಅಂತಸ್ತಿನ ಒಂದು ಕಟ್ಟಡ ಪೂರ್ತಿ ಸುಟ್ಟುಹೋಯ್ತು, ಪಕ್ಕದ್ದು ಅರ್ಧಂಬರ್ಧ. ಯಾರಿಗೂ ಗಾಯ ಆಗಲಿಲ್ಲ, ಅದು ಪುಣ್ಯ. ಆದರೆ ನೆಟ್‌ಕ್ರಾಫ್ಟ್ ಸಂಸ್ಥೆಯ ಲೆಕ್ಕದ ಪ್ರಕಾರ ಸುಮಾರು 36 ಲಕ್ಷ ವೆಬ್‌ಸೈಟ್‌ಗಳು ಬಂದ್ ಆದವು. ರಸ್ಟ್ ಗೇಮ್ ಆಡೋರಿಗೆ ನೆನಪಿರಬಹುದು, ಅದರ ಯುರೋಪಿನ ಹಲವು ಸರ್ವರ್‌ಗಳ ಡೇಟಾ ವಾಪಸ್ ಬರಲೇ ಇಲ್ಲ.

ಕೆಲವು ಗ್ರಾಹಕರು ಬ್ಯಾಕಪ್‌ಗೆ ಅಂತಲೇ ದುಡ್ಡು ಕೊಟ್ಟಿದ್ದರು. ಅಂಥ ಒಬ್ಬರ ಬ್ಯಾಕಪ್ ಎಲ್ಲಿತ್ತು ಗೊತ್ತಾ? ಅಸಲು ಡೇಟಾ ಇದ್ದ ಅದೇ ಕಟ್ಟಡದಲ್ಲಿ. ಎರಡೂ ಒಟ್ಟಿಗೆ ಹೋದವು. ವಿಷಯ ಕೋರ್ಟಿಗೆ ಹೋಗಿ, 2023ರಲ್ಲಿ ಅಲ್ಲಿನ ಲೀಲ್ ನಗರದ ವಾಣಿಜ್ಯ ನ್ಯಾಯಾಲಯ ಆ ಗ್ರಾಹಕ ಸಂಸ್ಥೆಗೆ ಪರಿಹಾರ ಕೊಡಬೇಕು ಅಂತ ತೀರ್ಪು ಕೊಡ್ತು. ಆದರೆ ತೀರ್ಪು ಬಂದ ಮಾತ್ರಕ್ಕೆ ಸುಟ್ಟುಹೋದ ಆರ್ಡರ್ ಪುಸ್ತಕ ವಾಪಸ್ ಬರಲ್ಲ.

ಎರಡನೇ ಮಾತು ಇದೇ: ಬ್ಯಾಕಪ್ ಇದೆಯಾ ಅಂತ ಕೇಳಿದರೆ ಸಾಲದು, ಎಲ್ಲಿದೆ ಅಂತ ಕೇಳಿ. ವಾರಕ್ಕೊಂದು ಸಲ ಇಡೀ ಸೈಟು, ಡೇಟಾಬೇಸ್ ಸಮೇತ, ಬೇರೆ ಕಂಪನಿಯ ಜಾಗಕ್ಕೋ ನಿಮ್ಮ ಮನೆಯ ಹಾರ್ಡ್‌ಡಿಸ್ಕಿಗೋ ಬರಲಿ. ದಿನವೂ ಆರ್ಡರ್ ಬರ್ತಿದ್ರೆ ದಿನಕ್ಕೊಂದು ಸಲ.

ಇನ್ನು ಜಾಹೀರಾತುಗಳನ್ನ ಓದೋದು ಹೇಗೆ? "99.9% ಅಪ್‌ಟೈಮ್" ಅಂತ ಹಾಕಿರ್ತಾರೆ. ಲೆಕ್ಕ ಹಾಕಿ, ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ಬಂದ್ ಆದರೂ ಅವರು ಮಾತು ತಪ್ಪಿದ ಹಾಗಲ್ಲ. ಬರೀ 99% ಅಂದ್ರೆ ಮೂರೂವರೆ ದಿನಕ್ಕೂ ಜಾಸ್ತಿ. "ಮೊದಲ ವರ್ಷ ಇಷ್ಟೇ" ಅನ್ನೋ ರೇಟಿನ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಎರಡನೇ ವರ್ಷದ ರೇಟು ಇರುತ್ತೆ. ನಿಜವಾದ ಬಾಡಿಗೆ ಅದು. ಎಸ್‌ಎಸ್‌ಎಲ್ ಸರ್ಟಿಫಿಕೇಟಿಗೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ಕೇಳಿ, 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಅದನ್ನ ಎಲ್ಲರಿಗೂ ಪುಕ್ಕಟೆ ಕೊಡ್ತಿದೆ. ಗಿರಾಕಿಗಳೆಲ್ಲ ಇಲ್ಲಿನವರೇ ಆಗಿದ್ರೆ ಸರ್ವರ್ ಭಾರತದಲ್ಲೇ ಇರಲಿ. ಕೇಬಲ್ಲಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತೆ, ನಿಜ. ಆದರೆ ಒಂದು ಪುಟ ತೆರೆಯೋಕೆ ಅದು ಹಲವು ಸಲ ಹೋಗಿ ಬರಬೇಕು. ಅಮೆರಿಕಕ್ಕಿಂತ ಮುಂಬೈ ಹತ್ತಿರ ತಾನೇ?

ಇಷ್ಟು ವರ್ಷಗಳಲ್ಲಿ ಕಂಪನಿಗಳು ಬಂದವು, ಮಾರಾಟ ಆದವು, ಮುಚ್ಚಿದವು. ಇವತ್ತು ಚೆನ್ನಾಗಿರೋ ಕಂಪನಿ ಇನ್ನು ಹತ್ತು ವರ್ಷಕ್ಕೂ ಹೀಗೇ ಇರುತ್ತೆ ಅಂತ ನಾನು ಹೇಳಲಾರೆ. ಅದಕ್ಕೇ ನನ್ನ ಪ್ರಕಾರ ಒಳ್ಳೇ ಹೋಸ್ಟಿಂಗ್ ಅಂದ್ರೆ ಬಿಟ್ಟು ಹೋಗೋಕೆ ಸುಲಭ ಆಗಿರೋದು. ಸೇರೋಕೆ ಮುಂಚೆ ಅವರ ಸಪೋರ್ಟಿಗೆ ಒಂದು ಮೆಸೇಜ್ ಹಾಕಿ: "ನಾನು ಬೇರೆ ಕಡೆ ಹೋಗಬೇಕು ಅಂದ್ರೆ ನನ್ನ ಫೈಲು, ಡೇಟಾಬೇಸ್ ಎಲ್ಲ ಹೇಗೆ ಕೊಡ್ತೀರಾ?" ಅವರು ಎಷ್ಟು ಬೇಗ, ಎಷ್ಟು ನೇರವಾಗಿ ಉತ್ತರ ಕೊಡ್ತಾರೆ ನೋಡಿ, ಆಮೇಲೆ ದುಡ್ಡು ಕಟ್ಟಿ.

ಈಗಾಗಲೇ ಅಂಗಡಿ ತೆರೆದಿರೋರು ಈ ಭಾನುವಾರ ಒಂದು ಕೆಲಸ ಮಾಡಿ. ಬ್ಯಾಕಪ್ ಇಳಿಸಿಕೊಂಡು, ಅದು ನಿಜವಾಗ್ಲೂ ತೆರೆಯುತ್ತಾ ಅಂತ ನೋಡಿ.