ಕಾಣುವುದು ಬೇರೆ, ಗುರುತಿಸುವುದು ಬೇರೆ: ಮನೆ ಮತ್ತು ಹಿತ್ತಲಿನ ಟಾರ್ಚ್ ಆಯ್ಕೆ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆಯ ಸ್ವರೂಪ

ಮನೆಯಲ್ಲಿರುವ ಹಳೆಯ ಟಾರ್ಚನ್ನು ಬದಲಿಸಿ ಮನೆಯ ಕಾವಲಿಗೂ ಹಿತ್ತಲಿನ ಓಡಾಟಕ್ಕೂ ಒದಗುವಂಥದ್ದನ್ನು ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಡಬ್ಬಿಯ ಮೇಲಿನ ಲುಮೆನ್ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಟಾರ್ಚ್ ಉತ್ತಮವೆಂಬ ನಂಬಿಕೆ ಮಾರಾಟಗಾರರಲ್ಲೂ ಕೊಳ್ಳುವವರಲ್ಲೂ ಬೇರೂರಿದೆ. ಆದರೆ ಲುಮೆನ್ ಎಂಬುದು ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಮೊತ್ತ ಮಾತ್ರ. ಆ ಬೆಳಕು ಎಲ್ಲಿಗೆ ಹೋಗುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದರಲ್ಲಿ ಏನು ತಿಳಿಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಯಾವ ದೂರದಲ್ಲಿ ಯಾವುದನ್ನು ಗುರುತಿಸಬೇಕಾಗಿದೆ ಎಂಬಲ್ಲಿಂದ ಲೆಕ್ಕ ಶುರುವಾಗಬೇಕು. ಲುಮೆನ್ ಆ ಲೆಕ್ಕದ ಕೊನೆಗೆ ಬರಬೇಕು ಎಂಬುದು ಈ ಟಿಪ್ಪಣಿಯ ವಾದ.

‘ಕಾಣುವುದು’ ಮತ್ತು ‘ಗುರುತಿಸುವುದು’ ಎಂಬ ಭೇದಕ್ಕೆ ಶಾಸ್ತ್ರೀಯ ಆಧಾರವಿದೆ. ಅಮೆರಿಕದ ಸೇನೆಗಾಗಿ ಇರುಳುನೋಟದ ಉಪಕರಣಗಳನ್ನು ಅಧ್ಯಯನ ಮಾಡಿದ ಜಾನ್ ಜಾನ್ಸನ್ 1958ರಲ್ಲಿ ನೋಟದ ಹಂತಗಳನ್ನು ಬೇರ್ಪಡಿಸಿದರು: ಏನೋ ಇದೆ ಎಂದು ತಿಳಿಯುವುದು, ಅದು ಯಾವ ಬಗೆಯದು ಎಂದು ತಿಳಿಯುವುದು, ಅದು ಇಂಥದ್ದೇ ಎಂದು ನಿಶ್ಚಯಿಸುವುದು. ಮೊದಲ ಹಂತಕ್ಕೆ ವಸ್ತುವಿನ ಅಡ್ಡಳತೆಯಲ್ಲಿ ಸುಮಾರು ಒಂದು ಜೋಡಿ ಗೆರೆ ಬೇರ್ಪಟ್ಟು ಕಂಡರೆ ಸಾಕು. ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಆರಕ್ಕಿಂತ ಹೆಚ್ಚು ಬೇಕು. ಜಾನ್ಸನ್ನರ ಅಳತೆ ಬಿಂಬದ ಸ್ಪಷ್ಟತೆಗೆ ಸಂಬಂಧಿಸಿದ್ದೇ ಹೊರತು ಬೆಳಕಿನ ಪ್ರಮಾಣಕ್ಕಲ್ಲ. ಆದರೂ ಬೆಳಕು ಕುಗ್ಗಿದಂತೆ ಕಣ್ಣಿನ ಸ್ಪಷ್ಟತೆಯೂ ಕುಗ್ಗುವುದರಿಂದ ಈ ವಿಂಗಡಣೆ ಟಾರ್ಚಿಗೂ ಸಲ್ಲುತ್ತದೆ.

2. ಕಾವಲು ಎಂದರೆ ಏನು

ಕಾವಲಿನ ಟಾರ್ಚ್ ಕುರಿತ ಬಹುಪಾಲು ಬರವಣಿಗೆ ಅಮೆರಿಕದ್ದು. ಅಲ್ಲಿ ಈ ಟಾರ್ಚ್ ಬಂದೂಕಿನ ಜೊತೆಗಾರ. ಮಿಣುಕುವ ಬೆಳಕು, ಹಲ್ಲು ಹಲ್ಲಾದ ಅಂಚು, ಕಪ್ಪು ಲೋಹದ ಮೈ ಎಲ್ಲವೂ ಆ ಹಿನ್ನೆಲೆಯಿಂದ ಬಂದವು. ನಮ್ಮ ಮನೆಗಳಲ್ಲಿ ಟಾರ್ಚಿನ ಪಾತ್ರ ಬೇರೆ. ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ವಿವರಿಸುತ್ತವೆ. ರಕ್ಷಣೆಗೆ ಅಗತ್ಯವಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಲು ಹಕ್ಕಿಲ್ಲ ಎಂದು 37ನೆಯ ಕಲಮು ಹೇಳುತ್ತದೆ. ಸರ್ಕಾರದ ರಕ್ಷಣೆ ಕೋರಲು ಸಮಯವಿದ್ದರೆ ಹಕ್ಕೇ ಹುಟ್ಟುವುದಿಲ್ಲ ಎಂದೂ ಹೇಳುತ್ತದೆ. ಹೀಗಿರುವಾಗ ಬಾಗಿಲ ಹೊರಗಿರುವವರು ಯಾರು, ಎಷ್ಟು ಜನ, ಕೈಯಲ್ಲೇನಿದೆ ಎಂದು ಕಿಟಕಿಯ ಒಳಗಿನಿಂದಲೇ ತಿಳಿದು 112ಕ್ಕೆ ಕರೆಮಾಡುವುದಕ್ಕೆ ನೆರವಾಗುವುದೇ ಟಾರ್ಚಿನ ಮುಖ್ಯ ಕೆಲಸ.

ಗುರುತು ಸಿಗದಿದ್ದರೆ ಏನಾಗಬಹುದು ಎಂಬುದಕ್ಕೆ ಒಡಿಶಾ ಹೈಕೋರ್ಟಿನ ಮುಂದೆ ಬಂದ, ಕಾನೂನು ವಿದ್ಯಾರ್ಥಿಗಳೆಲ್ಲ ಓದುವ ಒಂದು ಪ್ರಕರಣ ಸಾಕ್ಷಿ. 1958ರಲ್ಲಿ ರಸಗೋವಿಂದಪುರದ ಪಾಳುಬಿದ್ದ ವಿಮಾನ ನಿಲ್ದಾಣದಲ್ಲಿ, ದೆವ್ವಗಳಿವೆಯೆಂದು ಊರವರು ನಂಬಿದ್ದ ಜಾಗದಲ್ಲಿ, ರಾತ್ರಿ ಮಿನುಗುವ ಬೆಳಕೂ ಅದರ ಸುತ್ತ ಅಲುಗಾಡುವ ಆಕೃತಿಗಳೂ ಕಂಡವು. ನೇಪಾಳದಿಂದ ಬಂದಿದ್ದ ಸೇವಕನೊಬ್ಬ ಕುಕ್ರಿ ಹಿಡಿದು ಮೇಲೆರಗಿದ. ಅಲ್ಲಿದ್ದವರು ಲಾಟೀನು ಹಿಡಿದು ಹಿಪ್ಪೆ ಹೂ ಆರಿಸುತ್ತಿದ್ದ ಹೆಂಗಸರು. ಒಬ್ಬಾಕೆ ಸತ್ತರು, ಕೆಲವರು ಗಾಯಗೊಂಡರು. ಸದ್ಭಾವನೆಯಿಂದಾದ ಸಂಗತಿಯ ತಪ್ಪುಗ್ರಹಿಕೆ ಎಂದು ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಆ ರಾತ್ರಿ ಅಲ್ಲಿ ಬೆಳಕು ಇಲ್ಲದೇ ಇರಲಿಲ್ಲ. ಇದ್ದ ಬೆಳಕು ಆಕೃತಿಯನ್ನು ತೋರಿಸಿತು, ಮನುಷ್ಯರನ್ನು ತೋರಿಸಲಿಲ್ಲ.

3. ಡಬ್ಬಿಯ ಮೇಲಿನ ದೂರ

ಟಾರ್ಚುಗಳ ಅಳತೆಗೆ 2009ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಫ್‌ಎಲ್1 ಎಂಬ ಮಾನಕವಿದೆ; ಒಳ್ಳೆಯ ತಯಾರಕರು ಇದನ್ನು ಅನುಸರಿಸುತ್ತಾರೆ. ಅದರ ಪ್ರಕಾರ ‘ಕಿರಣದ ದೂರ’ ಎಂದರೆ ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರ, ಅಂದರೆ ತಿಳಿ ಆಕಾಶದ ಹುಣ್ಣಿಮೆಯ ಬೆಳಕಿನಷ್ಟು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕ್ಷೀಣಿಸುತ್ತದೆ. ಆದ್ದರಿಂದ ಕಿರಣದ ತೀವ್ರತೆಯನ್ನು ಕ್ಯಾಂಡೆಲಾದಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರುಗಳಲ್ಲಿ ಈ ದೂರ ಸಿಗುತ್ತದೆ. 10,000 ಕ್ಯಾಂಡೆಲಾ ಇದ್ದರೆ 200 ಮೀಟರು.

ಆದರೆ ಹುಣ್ಣಿಮೆಯ ಬೆಳಕಿನಲ್ಲಿ 200 ಮೀಟರಿನಾಚೆ ನಿಂತವರ ಮುಖ ಗುರುತು ಸಿಗುವುದಿಲ್ಲ. ಗುರುತಿಸಲು ಕನಿಷ್ಠ ಎಷ್ಟು ಬೆಳಕು ಬೇಕು? ಬೀದಿದೀಪಗಳ ಭಾರತೀಯ ಮಾನಕ ಐಎಸ್ 1944 ಕಡಿಮೆ ಸಂಚಾರದ ಸಣ್ಣ ರಸ್ತೆಗಳಿಗೆ ಸರಾಸರಿ 4 ಲಕ್ಸ್ ಹೇಳುತ್ತದೆ. ಅದನ್ನೇ ಇಲ್ಲಿ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. 4 ಲಕ್ಸ್ ಎಂದರೆ 0.25ರ 16 ಪಟ್ಟು. ಅಷ್ಟು ಬೆಳಕು ಸಿಗುವುದು ಡಬ್ಬಿಯ ಮೇಲಿನ ದೂರದ ಕಾಲು ಭಾಗದಲ್ಲಿ. 200 ಮೀಟರಿನ ಟಾರ್ಚ್ ನಿಜಕ್ಕೂ 50 ಮೀಟರಿನ ಟಾರ್ಚ್.

ಈ ಲೆಕ್ಕವನ್ನು ನಮ್ಮ ಜಾಗಗಳಿಗೆ ಅನ್ವಯಿಸಿದರೆ ಬರುವ ಉತ್ತರ ಮಾರುಕಟ್ಟೆಯ ಉತ್ತರಕ್ಕಿಂತ ಬಹಳ ಸಣ್ಣದು. ಬೆಂಗಳೂರಿನ ಮೂವತ್ತು–ನಲವತ್ತರ ಸೈಟು ಸುಮಾರು 9 ಮೀಟರಿಗೆ 12 ಮೀಟರು. ಮೂಲೆಯಿಂದ ಮೂಲೆಗೆ 15 ಮೀಟರು. ಅಲ್ಲಿ 4 ಲಕ್ಸ್ ಬೇಕಾದರೆ 900 ಕ್ಯಾಂಡೆಲಾ ಸಾಕು. ಡಬ್ಬಿಯ ಮೇಲೆ ಅದು 60 ಮೀಟರು ಎಂದಿರುತ್ತದೆ. ಮಲೆನಾಡಿನ ತೋಟದ ಮನೆಯಲ್ಲಿ ಜಗಲಿಯಿಂದ ಕೊಟ್ಟಿಗೆ, ಬೇಲಿ, ತೋಟದ ಅಂಚು 50 ಮೀಟರಿನವರೆಗೆ ಇರಬಹುದು. ಅಲ್ಲಿಗೆ 10,000 ಕ್ಯಾಂಡೆಲಾ ಬೇಕು. ಅಡಿಕೆ ತೋಟದೊಳಗೆ ಇದಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಸಾಮಾನ್ಯವಾಗಿ 2.7 ಮೀಟರು ಅಂತರದಲ್ಲಿ ನೆಟ್ಟ ಮರಗಳ ಸಾಲು ನೇರವಾಗಿ ನೋಡಿದಾಗ ಬಿಟ್ಟು ಬೇರೆಲ್ಲ ಕಡೆ ನೋಟವನ್ನೇ ತಡೆಯುತ್ತದೆ.

4. ಒಂದೇ ಲುಮೆನ್, ಎರಡು ಟಾರ್ಚ್

1,000 ಲುಮೆನ್ ಬೆಳಕನ್ನು 60 ಡಿಗ್ರಿ ಅಗಲದ ಶಂಕುವಿನಲ್ಲಿ ಸಮನಾಗಿ ಹರಡಿದರೆ ತೀವ್ರತೆ ಸುಮಾರು 1,190 ಕ್ಯಾಂಡೆಲಾ. ಮಾನಕದ ದೂರ 69 ಮೀಟರು. ಅದೇ 1,000 ಲುಮೆನ್ನನ್ನು 10 ಡಿಗ್ರಿಗೆ ಬಿಗಿದರೆ 41,800 ಕ್ಯಾಂಡೆಲಾ, 400 ಮೀಟರಿಗೂ ಹೆಚ್ಚು. ಎರಡರ ಡಬ್ಬಿಯ ಮೇಲೂ ದಪ್ಪಕ್ಷರದಲ್ಲಿ ಒಂದೇ ಸಂಖ್ಯೆ. ಬಿಗಿದ ಕಿರಣ 3 ಮೀಟರು ದೂರದಲ್ಲಿ ಬೆಳಗುವುದು ಅರ್ಧ ಮೀಟರಿನ ಒಂದು ವೃತ್ತವನ್ನು ಮಾತ್ರ. ಹರಡಿದ ಕಿರಣ ಮೂರೂವರೆ ಮೀಟರನ್ನು ಬೆಳಗುತ್ತದೆ. ಮನೆಯೊಳಗೆ ಬಿಗಿದ ಕಿರಣ ಬಿಳಿ ಗೋಡೆಗೆ ಬಿದ್ದರೆ ಆ ವೃತ್ತದಲ್ಲಿ ನಾಲ್ಕೂವರೆ ಸಾವಿರ ಲಕ್ಸ್ ಆಗುತ್ತದೆ, ಅದು ಹಿಡಿದವರ ಕಣ್ಣನ್ನೇ ಕುಕ್ಕುತ್ತದೆ.

ಬಿಗಿಯುವ ಶಕ್ತಿ ಬರುವುದು ಎಲ್‌ಇಡಿಯ ಮೇಲ್ಮೈ ಪ್ರಖರತೆಯಿಂದ ಮತ್ತು ಪ್ರತಿಫಲಕದ ಬಾಯಿಯ ವಿಸ್ತಾರದಿಂದ. ಆದ್ದರಿಂದಲೇ ದೂರ ಬೀರುವ ಟಾರ್ಚಿನ ತಲೆ ದೊಡ್ಡದು, ಜೇಬಿನ ಟಾರ್ಚಿನ ಕಿರಣ ಅಗಲ. ಹಳೆಯ ಮೂರು ಶೆಲ್ಲಿನ ಟಾರ್ಚ್ ಕೆಲವೇ ಹತ್ತು ಲುಮೆನ್ ಕೊಡುತ್ತಿದ್ದರೂ ತೋಟದ ತುದಿ ಮುಟ್ಟಿದಂತೆ ಅನಿಸುತ್ತಿದ್ದುದರ ಗುಟ್ಟು ಅದರ ಅಗಲವಾದ ಹೊಳೆಯುವ ಬಟ್ಟಲಿನಲ್ಲಿತ್ತು.

ಕಿರಣದ ಆಕಾರ ಬದಲಾಗದೆ ಲುಮೆನ್ ಮಾತ್ರ ಎರಡು ಪಟ್ಟಾದರೆ ದೂರ ಹೆಚ್ಚುವುದು ಶೇ. 41ರಷ್ಟೇ. 500ರಿಂದ 1,000ಕ್ಕೆ ಏರಿದ ಹೊಸ ಟಾರ್ಚ್ ನಿರಾಸೆ ಮೂಡಿಸುವುದಕ್ಕೆ ಈ ವರ್ಗನಿಯಮವೇ ಕಾರಣ.

5. ಹಾವಿನ ಕಣ್ಣು ಹೊಳೆಯುವುದಿಲ್ಲ

ಹಿತ್ತಲಿನ ವಿಷಯದಲ್ಲಿ ಕಳ್ಳನಿಗಿಂತ ಹಾವಿನ ಲೆಕ್ಕ ದೊಡ್ಡದು. 2020ರಲ್ಲಿ ಪ್ರಕಟವಾದ, ಮಿಲಿಯನ್ ಡೆತ್ ಸ್ಟಡಿಯನ್ನು ಆಧರಿಸಿದ ಅಧ್ಯಯನ 2000ರಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತರೆಂದು, ಅಂದರೆ ವರ್ಷಕ್ಕೆ ಸರಾಸರಿ 58,000 ಸಾವೆಂದು ಅಂದಾಜಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು.

ಚಿರತೆ, ನಾಯಿ, ಬೆಕ್ಕು, ದನಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಪದರವಿದೆ. ದೂರದ ಮಂದ ಕಿರಣಕ್ಕೂ ಅವು ಮಿನುಗುತ್ತವೆ. ಹಾವಿಗೆ ಆ ಪದರವಿಲ್ಲ, ಮನುಷ್ಯನಿಗೂ ಇಲ್ಲ. ಹಿತ್ತಲಲ್ಲಿ ಯಾವುದರಿಂದ ಹೆಚ್ಚು ಅಪಾಯವೋ ಅದು ತಾನಾಗಿ ಹೊಳೆದು ತೋರುವುದಿಲ್ಲ. ಅದನ್ನು ಮೈಯ ಬಣ್ಣ ಮತ್ತು ಆಕಾರದಿಂದಲೇ ಕಂಡುಕೊಳ್ಳಬೇಕು.

ಇದರಿಂದ ಎರಡು ಅಂಶ ಹೊರಡುತ್ತವೆ. ಮೊದಲನೆಯದು ಬಣ್ಣ. ಅಗ್ಗದ ಎಲ್‌ಇಡಿಗಳ ನೀಲಿಮಿಶ್ರಿತ ಬಿಳಿ ಬೆಳಕು ಸಾಮಾನ್ಯವಾಗಿ 6,500 ಕೆಲ್ವಿನ್ ಆಸುಪಾಸಿನದು, ಬಣ್ಣನಿಷ್ಠೆಯ ಸೂಚ್ಯಂಕವಾದ ಸಿಆರ್‌ಐ 70ರ ಹತ್ತಿರ. ಅದರಲ್ಲಿ ಕೆಂಪಿನ ಪಾಲು ಕಡಿಮೆ. ಕಂದು ಛಾಯೆಗಳ ನಡುವಿನ ಭೇದ ಮಸುಕಾಗುತ್ತದೆ. ಒಣ ತರಗೆಲೆಯ ಮೇಲೆ ಮಲಗಿದ ಕೊಳಕುಮಂಡಲವನ್ನು ಎಲೆಯಿಂದ ಬೇರ್ಪಡಿಸಿ ನೋಡಬೇಕಾದದ್ದು ಆ ಭೇದದಿಂದಲೇ. 4,000ರಿಂದ 5,000 ಕೆಲ್ವಿನ್, ಸಿಆರ್‌ಐ 90ರ ಎಲ್‌ಇಡಿ ಕೊಂಚ ಲುಮೆನ್ ಕಳೆದುಕೊಂಡರೂ ಈ ಕೆಲಸಕ್ಕೆ ಲೇಸು. ಎರಡನೆಯದು ಬೆಳಕಿನ ಕೋನ. ಹಣೆಗೆ ಕಟ್ಟಿದ ದೀಪ ಕಣ್ಣಿನ ನೇರದಲ್ಲೇ ಇರುವುದರಿಂದ ನೆರಳುಗಳು ವಸ್ತುವಿನ ಹಿಂದೆ ಅಡಗಿ ನೆಲ ಚಪ್ಪಟೆಯಾಗಿ ತೋರುತ್ತದೆ. ಮಳೆಹನಿ, ಮಂಜು, ಹುಳುಗಳೂ ಕಣ್ಣೆದುರೇ ಬೆಳಗುತ್ತವೆ. ಸೊಂಟದ ಕೆಳಗೆ ಹಿಡಿದ ಟಾರ್ಚ್ ಓರೆಯಾಗಿ ಬಿದ್ದು ಪ್ರತಿ ಕಡ್ಡಿ, ಪ್ರತಿ ಸುರುಳಿಯ ನೆರಳನ್ನು ಎಬ್ಬಿಸುತ್ತದೆ. ಹಾಲು ಕರೆಯಲು, ಪಂಪು ರಿಪೇರಿಗೆ ಹಣೆದೀಪ ಸರಿ; ನಡೆಯಲು ಕೈಟಾರ್ಚೇ ಸರಿ.

ಮನೆಯೊಳಗಿನ ಅಪಾಯ ಕಟ್ಟುಹಾವಿನದು. ಅದು ಕಡಿಯುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ಹಾಸಿಗೆಯ ಪಕ್ಕದ ಟಾರ್ಚ್ ಮೊದಲ ಒತ್ತಿಗೆ ಕೆಲವೇ ಲುಮೆನ್ ಕೊಡಬೇಕು. ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಕಣ್ಣಿಗೆ 20ರಿಂದ 30 ನಿಮಿಷ ಬೇಕು. ಒಂದು ಕ್ಷಣದ ಪ್ರಖರ ಬೆಳಕು ಅದನ್ನು ಅಳಿಸುತ್ತದೆ. ಇದೇ ಕಾರಣಕ್ಕೆ ಎದುರಿನವರ ಕಣ್ಣು ಕುಕ್ಕಲು ವಿಶೇಷ ಟಾರ್ಚ್ ಬೇಕಿಲ್ಲ: 10,000 ಕ್ಯಾಂಡೆಲಾ ಕಿರಣ 5 ಮೀಟರಿನಲ್ಲಿ 400 ಲಕ್ಸ್ ಸುರಿಯುತ್ತದೆ. ಮಿಣುಕುವ ವ್ಯವಸ್ಥೆ ಇದಕ್ಕೆ ಹೆಚ್ಚೇನೂ ಸೇರಿಸದೆ, ಹಿಡಿದವರಿಗೇ ಎದುರಿನ ಚಲನೆ ತುಂಡು ತುಂಡಾಗಿ ಕಾಣುವಂತೆ ಮಾಡುತ್ತದೆ. ಸ್ವಿಚ್ಚು ಒತ್ತುತ್ತಾ ಹೋದಂತೆ ಮಿಣುಕುವಿಕೆಯನ್ನು ದಾಟಿಯೇ ಮುಂದಿನ ಹಂತಕ್ಕೆ ಹೋಗಬೇಕಾದ ಟಾರ್ಚನ್ನು ಕೊಳ್ಳದಿರುವುದು ಒಳ್ಳೆಯದು.

6. ಶಕ್ತಿಯ ಲೆಕ್ಕ

ಡಬ್ಬಿಯ ಮಾತನ್ನು ಪರೀಕ್ಷಿಸಲು ಒಂದು ಗುಣಾಕಾರ ಸಾಕು. 18650 ಎಂಬ ಲಿಥಿಯಂ ಅಯಾನ್ ಶೆಲ್ಲಿನ ಅಡ್ಡಳತೆ 18 ಮಿಲಿಮೀಟರು, ಉದ್ದ 65. ಅದರ ವೋಲ್ಟೇಜು 3.6, ಉತ್ತಮ ಶೆಲ್ಲಿನ ಸಾಮರ್ಥ್ಯ 3,500 ಮಿಲಿಆಂಪಿಯರ್ ಗಂಟೆ, ಅಂದರೆ 12.6 ವ್ಯಾಟ್ ಗಂಟೆ. ಟಾರ್ಚ್ ಒಂದು ವ್ಯಾಟಿಗೆ 100 ಲುಮೆನ್ ಕೊಡುತ್ತದೆಂದು ಹಿಡಿದರೆ ಒಟ್ಟು 1,260 ಲುಮೆನ್ ಗಂಟೆ. 1,000 ಲುಮೆನ್ ಬೇಕಾದರೆ ಒಂದೂಕಾಲು ಗಂಟೆ, 100 ಸಾಕಾದರೆ ಹನ್ನೆರಡೂವರೆ ಗಂಟೆ. ದೊಡ್ಡದಾದ 21700 ಶೆಲ್ಲು 5,000 ಮಿಲಿಆಂಪಿಯರ್ ಗಂಟೆಯ ಸಾಮರ್ಥ್ಯದಲ್ಲಿ 18 ವ್ಯಾಟ್ ಗಂಟೆ ಕೊಡುತ್ತದೆ. 18650ರ ಮೇಲೆ 9,900 ಎಂದು ಅಚ್ಚಾಗಿದ್ದರೆ ಅದು ಸುಳ್ಳು.

ಎಫ್‌ಎಲ್1ರ ‘ಉರಿಯುವ ಅವಧಿ’ ಬೆಳಕು ಆರಂಭದ ಶೇ. 10ಕ್ಕೆ ಇಳಿಯುವವರೆಗಿನದು. ಅಂಗೈಯಗಲದ ಲೋಹದ ಮೈ ಹತ್ತು ವ್ಯಾಟಿನ ಶಾಖವನ್ನು ಹೆಚ್ಚು ಹೊತ್ತು ಹೊರಹಾಕಲಾರದು. ಆದ್ದರಿಂದ ಟಾರ್ಚ್ ಕೆಲವು ನಿಮಿಷಗಳಲ್ಲೇ ತನ್ನಷ್ಟಕ್ಕೆ ಕುಗ್ಗುತ್ತದೆ. ನೋಡಬೇಕಾದದ್ದು ಗರಿಷ್ಠ ಲುಮೆನ್ನನ್ನಲ್ಲ, ಕುಗ್ಗಿದ ಮೇಲೆ ನಿಲ್ಲುವ ಮಟ್ಟವನ್ನು. ಕೈಯಲ್ಲಿ ಹಿಡಿಯುವ ಗಾತ್ರದ ಟಾರ್ಚಿನಲ್ಲಿ ಅದು 300ರಿಂದ 500 ಇದ್ದರೆ ಹಿತ್ತಲಿನ ಕೆಲಸಕ್ಕೆ ಧಾರಾಳ.

ಅಪರೂಪಕ್ಕೆ ಬಳಸುವ ಟಾರ್ಚಿನಲ್ಲಿ ಶೆಲ್ಲಿನ ಬಗೆಯೂ ಮುಖ್ಯ. ಕ್ಷಾರೀಯ ಶೆಲ್ಲು ವರ್ಷಗಟ್ಟಲೆ ಒಳಗೇ ಉಳಿದರೆ ಸೋರಿ ಸ್ಪ್ರಿಂಗನ್ನು ತಿಂದುಹಾಕುತ್ತದೆ. ಸೀಸ–ಆಮ್ಲದ ಬ್ಯಾಟರಿ ಒಳಗೇ ಜೋಡಿಸಿದ ಪ್ಲಾಸ್ಟಿಕ್ ಟಾರ್ಚುಗಳು ಚಾರ್ಜಿಲ್ಲದೆ ಬಿಟ್ಟರೆ ಸಲ್ಫೇಟು ಕಟ್ಟಿ ಸಾಯುತ್ತವೆ. ಲಿಥಿಯಂ ಅಯಾನ್ ಶೆಲ್ಲು ಚಾರ್ಜನ್ನು ತಿಂಗಳುಗಟ್ಟಲೆ ಉಳಿಸಿಕೊಳ್ಳುತ್ತದೆ, ಆದರೆ ರಕ್ಷಣಾ ಸರ್ಕ್ಯೂಟ್ ಇರುವುದನ್ನೇ ಕೊಂಡು ಕಣ್ಣಳತೆಯಲ್ಲೇ ಚಾರ್ಜ್ ಮಾಡಬೇಕು. ಶೆಲ್ಲನ್ನು ತೆಗೆದು ಬದಲಿಸಬಹುದಾದ ಟಾರ್ಚ್ ಹತ್ತು ವರ್ಷ ಬಾಳಬಲ್ಲದು. ಒಳಗೇ ಮುಚ್ಚಿದ್ದು ಶೆಲ್ಲಿನೊಂದಿಗೇ ಮುಗಿಯುತ್ತದೆ.

7. ನಿರ್ಣಯ

ಮೇಲಿನ ಲೆಕ್ಕಗಳು ಒಂದೇ ಟಾರ್ಚಿಗಿಂತ ಎರಡರ ಕಡೆಗೆ ಬೊಟ್ಟು ಮಾಡುತ್ತವೆ. ಹಾಸಿಗೆಯ ಪಕ್ಕಕ್ಕೂ ಅಂಗಳಕ್ಕೂ ಅಗಲ ಕಿರಣದ, ಸಿಆರ್‌ಐ 90ರ, ಕಡಿಮೆ ಬೆಳಕಿನಿಂದ ಶುರುವಾಗುವ, 1,000ದಿಂದ 3,000 ಕ್ಯಾಂಡೆಲಾದ ಒಂದು; ತೋಟ ಅಥವಾ ದೊಡ್ಡ ಹಿತ್ತಲಿದ್ದರೆ ಮಾತ್ರ 10,000 ಕ್ಯಾಂಡೆಲಾ ಮೇಲ್ಪಟ್ಟ ಇನ್ನೊಂದು. ಎರಡಕ್ಕೂ ಒಂದೇ ಗಾತ್ರದ ಶೆಲ್ಲು ಇದ್ದರೆ ಒಂದರ ಕಷ್ಟಕ್ಕೆ ಇನ್ನೊಂದು ಒದಗುತ್ತದೆ. ಮಲೆನಾಡು, ಕರಾವಳಿಯ ಮಳೆಗೆ ಐಪಿಎಕ್ಸ್7 ದರ್ಜೆ, ಅಂದರೆ ಒಂದು ಮೀಟರು ನೀರಿನಲ್ಲಿ 30 ನಿಮಿಷ ತಾಳುವ ಗುಣ, ಇರಲಿ. ಡಬ್ಬಿಯ ಮೇಲೆ ಕ್ಯಾಂಡೆಲಾ ಅಥವಾ ಕಿರಣದ ದೂರವನ್ನು ಮುದ್ರಿಸದೆ ಲುಮೆನ್ನನ್ನು ಮಾತ್ರ ಕೂಗಿ ಹೇಳುವ ಟಾರ್ಚನ್ನು ಪರಿಗಣಿಸಲೇಬೇಕಿಲ್ಲ: ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಗೇ ಅದರಲ್ಲಿ ಉತ್ತರವಿಲ್ಲ.